ಶುಂಠಿ ಮಡಿ ಪಕ್ಕ ಮೂರು ಗಾಂಜಾ ಗಿಡ, ಎಂತ ಮಾಡೂದು?

ತೋಟದ ಬೇಲಿ, ಹೊಸನಗರ ತಾಲ್ಲೂಕು
ಭಾನುವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಎಲೆಚುಕ್ಕಿ ರೋಗ, ಅಡಿಕೆ ರೇಟು ಬಿಟ್ಟು ಬೇರೆ ಏನನ್ನೂ ಇಲ್ಲಿ ಕೇಳಿದವನಲ್ಲ ನಾನು. ಇವತ್ತಿನದು ಬೇರೆ ಥರದ ತಲೆಬಿಸಿ.

ಮನೆ ಹಿಂದಿನ ಒಂದೂವರೆ ಎಕರೆ ಗದ್ದೆಯನ್ನು ಈ ವರ್ಷ ಶುಂಠಿಗೆ ಗೇಣಿಗೆ ಕೊಟ್ಟಿದ್ದೇನೆ. ಬಾಯಿಮಾತಿನ ಲೆಕ್ಕ, ಕಾಗದ ಪತ್ರ ಏನಿಲ್ಲ. ನಿನ್ನೆ ಪಂಪಿನ ಫ್ಯೂಸ್ ಹೋಗಿದೆ ಅಂತ ನೋಡಲು ಆ ಕಡೆ ಹೋದೆ. ಪಂಪ್‌ಹೌಸ್ ಹಿಂದೆ, ಕೊನೆಯ ಮಡಿ ಪಕ್ಕ, ನನ್ನ ಭುಜದ ಎತ್ತರಕ್ಕೆ ಮೂರು ಗಿಡ. ಮೊದಲು ಮರಗೆಣಸು ಅಂದುಕೊಂಡೆ. ಹತ್ತಿರ ಹೋದರೆ ಎಲೆಯ ಅಂಚು ಗರಗಸದ ಹಾಗಿದೆ. ಮರಗೆಣಸಿಗೆ ಅಂಚು ನುಣುಪು ಅಲ್ವಾ. ತುದಿಯಲ್ಲಿ ಹೂವು ಕಟ್ಟಲು ಶುರುವಾಗಿದೆ. ಮುಟ್ಟಿದ ಬೆರಳು ಅಂಟಂಟು, ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಬುಡಕ್ಕೆ ಗೊಬ್ಬರ ಕೊಟ್ಟಿದ್ದಾರೆ, ಸುತ್ತ ಕಳೆ ತೆಗೆದಿದ್ದಾರೆ. ಅಂದರೆ ತಾನಾಗಿ ಹುಟ್ಟಿದ್ದಲ್ಲ.

ಕಿತ್ತು ಹೊಳೆಗೆ ಎಸೆದು ಬನ್ನಿ ಅಂತಾಳೆ ಹೆಂಡತಿ. ನೀನು ಕಂಡೇ ಇಲ್ಲ ಅಂತ ಇದ್ದುಬಿಡು ಅಂತಾನೆ ಪಕ್ಕದ ಮನೆ ಅಣ್ಣ. ಅಕ್ಕನ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಅವನು ಫೋನಲ್ಲಿ ನಕ್ಕೇಬಿಟ್ಟ. "ಮಾವ, ಅದು ಔಷಧಿ ಗಿಡ. ಅಮೆರಿಕದಲ್ಲಿ ಅಂಗಡಿ ಇಟ್ಟು ಮಾರ್ತಾರೆ" ಅಂದ.

ಮೂವರಲ್ಲಿ ಯಾರ ಮಾತು ಕೇಳಲಿ?

ಮಿಡಿ ಉಪ್ಪಿನಕಾಯಿ, ಸಾಗರ
ರಾತ್ರಿ 9:05

ಹೊಳೆಗೆ ಎಸೆದರೆ ಕೆಳಗಿನ ಊರಿನ ಮೀನುಗಳ ಗತಿ ಎಂತ ಮಾರಾಯ್ರೆ! ತಮಾಷೆ ಬಿಡಿ. ಕಿತ್ತು ಹೊತ್ತುಕೊಂಡು ಹೋಗುವಾಗ ದಾರಿಯಲ್ಲಿ ಯಾರಾದ್ರೂ ಕಂಡರೆ? ನೆಟ್ಟವನು ಆರಾಮಾಗಿ ಮನೆಯಲ್ಲಿರ್ತಾನೆ, ಹೊತ್ತವರು ನೀವು ಸಿಕ್ಕಿಬೀಳ್ತೀರಿ. ಕರಿ ಕೋಟು ಸರ್ ಇದ್ದಾರಲ್ಲ ಇಲ್ಲಿ, ಅವರು ಬರುವ ತನಕ ಸುಮ್ನಿರಿ.

ಕರಿ ಕೋಟು, ಶಿವಮೊಗ್ಗ
ರಾತ್ರಿ 9:40

ಬಂದೆ. ಬೇಲಿಯವರೇ, ಮೊದಲ ಮಾತು: ಮುಟ್ಟಬೇಡಿ, ಕೀಳಬೇಡಿ, ಸಾಗಿಸಬೇಡಿ.

1985ರ ಮಾದಕವಸ್ತು ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಡಿಪಿಎಸ್. ಅದರಲ್ಲಿ 46ನೇ ಸೆಕ್ಷನ್ ಅಂತ ಒಂದಿದೆ. ನಮ್ಮ ಕಡೆಯ ನೂರು ಜಮೀನುದಾರರನ್ನು ಕೇಳಿದರೆ ಒಬ್ಬರಿಗೂ ಗೊತ್ತಿರೋದಿಲ್ಲ. ತನ್ನ ಜಮೀನಿನಲ್ಲಿ ಗಾಂಜಾ ಗಿಡ ಕಂಡರೆ ತಕ್ಷಣ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸುವುದು ಜಮೀನು ಹಿಡಿದವನ ಕರ್ತವ್ಯ. ಗೊತ್ತಿದ್ದೂ ತಿಳಿಸದಿದ್ದರೆ ಅದೇ ಒಂದು ಅಪರಾಧ. ನಿನ್ನೆಯ ತನಕ ನಿಮಗೆ ಗೊತ್ತಿರಲಿಲ್ಲ, ಸರಿ. ಈಗ ಗೊತ್ತು. ಇಲ್ಲಿ ನಾಲ್ಕು ಜನರೆದುರು ಬರೆದೂ ಆಯಿತು. ಹಾಗಾಗಿ ಪಕ್ಕದ ಮನೆ ಅಣ್ಣನ ಸಲಹೆ ಮೂರರಲ್ಲೂ ಕೆಟ್ಟದ್ದು.

ಬೆಳೆಯುವುದಕ್ಕೆ 20ನೇ ಸೆಕ್ಷನ್. ಇಷ್ಟು ಗಿಡದ ತನಕ ಪರವಾಗಿಲ್ಲ ಅನ್ನುವ ಲೆಕ್ಕ ಅದರಲ್ಲಿಲ್ಲ. ಒಂದಾದರೂ ಬೆಳೆದದ್ದೇ. 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಇನ್ನೊಂದು ಸಂಗತಿ. ಬೇರೆ ಕೇಸುಗಳಲ್ಲಿ ತಪ್ಪನ್ನು ಪೊಲೀಸರು ಸಾಬೀತು ಮಾಡಬೇಕು. ಈ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಕೋರ್ಟು ಆರೋಪಿಗೆ ಗೊತ್ತಿತ್ತು ಅಂತಲೇ ಹಿಡಿದು ಶುರು ಮಾಡುತ್ತದೆ. ನನಗೆ ಗೊತ್ತಿರಲಿಲ್ಲ ಸ್ವಾಮಿ ಅಂತ ಆರೋಪಿಯೇ ಸಾಬೀತು ಮಾಡಬೇಕು. ಬಾಯಿಮಾತಿನ ಗೇಣಿಯಲ್ಲಿ ಅದನ್ನು ಹೇಗೆ ಸಾಬೀತು ಮಾಡ್ತೀರಿ? ಪಹಣಿಯಲ್ಲಿರೋದು ನಿಮ್ಮ ಹೆಸರು.

ನಾಳೆ ಬೆಳಿಗ್ಗೆ ಫೋಟೋ ತೆಗೆಯಿರಿ. ಒಂದು ಹಾಳೆಯಲ್ಲಿ ಸರ್ವೆ ನಂಬರ್, ಯಾವಾಗ ಕಂಡಿರಿ, ಜಮೀನು ಯಾರ ಕೈಯಲ್ಲಿದೆ, ಎಲ್ಲ ಬರೆದು ಠಾಣೆಗೆ ಕೊಡಿ. ಎರಡನೇ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಆ ಪ್ರತಿಯನ್ನು ಬಾಂಡ್ ಪೇಪರ್ ಥರ ಜೋಪಾನ ಮಾಡಿ.

ಸಿಲ್ಕ್‌ಬೋರ್ಡ್ ಸಿಗ್ನಲ್, ಬೆಂಗಳೂರು
ರಾತ್ರಿ 10:02

ಮಾವ, ನಾನೇ. ಎಲ್ಲರೆದುರು ನನ್ನ ಮಾತು ಹೀಗೆ ಹಾಕಬೇಕಿತ್ತಾ?

ಆಯ್ತು, ಹಾಕಿದ್ದೀರಿ, ಉತ್ತರ ಕೊಡ್ತೇನೆ. ಕಂಪ್ಲೇಂಟ್ ಬೇಡ ಅಂತ ನಾನು ಹೇಳಲಿಲ್ಲ. ಹೆದರಿಕೆ ಬೇಡ ಅಂದೆ. ಕೆನಡಾ 2018ರಲ್ಲೇ ಮುಕ್ತ ಮಾಡಿತು. ಜರ್ಮನಿ 2024ರ ಏಪ್ರಿಲ್‌ನಲ್ಲಿ ದೊಡ್ಡವರಿಗೆ ಬಿಟ್ಟಿತು. ವಿಶ್ವಸಂಸ್ಥೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಇದನ್ನು ಅತ್ಯಂತ ಅಪಾಯಕಾರಿ ಪಟ್ಟಿಯಿಂದ ತೆಗೆಯುವ ಮತದಾನ ಆಯಿತು. 27 ಪರ, 25 ವಿರೋಧ. ಭಾರತ ಹಾಕಿದ್ದು ಪರವಾಗಿ. ಅಲ್ಲಿ ಒಂದು ಮಾತು, ಇಲ್ಲಿ 10 ವರ್ಷ ಜೈಲು. ಇದೇನು ನ್ಯಾಯ?

ನಮ್ಮೂರಲ್ಲಿ ಎಂಎಸ್‌ಐಎಲ್ ಅಂಗಡಿ ಮುಂದೆ ಸಂಜೆ ಎಷ್ಟು ಜನ ಬಿದ್ದಿರ್ತಾರೆ ನೋಡಿ. ಕುಡಿದು ಹೆಂಡತಿಗೆ ಹೊಡೆದವರು ಬೇಕಾದಷ್ಟಿದ್ದಾರೆ. ಗಾಂಜಾ ಸೇದಿ ಹೊಡೆದವನನ್ನು ನಾನಂತೂ ಕಂಡಿಲ್ಲ. ಸರ್ಕಾರ ಒಂದನ್ನು ಮಾರಿ ದುಡ್ಡು ಮಾಡುತ್ತದೆ, ಇನ್ನೊಂದಕ್ಕೆ ಕೋಳ ತೊಡಿಸುತ್ತದೆ.

ತೋಟದ ಬೇಲಿ
ರಾತ್ರಿ 10:10

ನೀನು ಇಲ್ಲಿದ್ದೀಯ ಅಂತ ಗೊತ್ತಿದ್ದರೆ ಹಾಕ್ತಿರಲಿಲ್ಲ ಮಾರಾಯ. ಊಟ ಆಯ್ತಾ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಸೋಮವಾರ ಬೆಳಿಗ್ಗೆ 6:15

ನಿದ್ದೆ ಬೇಗ ಬಿಡುವ ವಯಸ್ಸು, ಅದಕ್ಕೆ ಈ ಹೊತ್ತಿಗೆ ಬರೆಯುತ್ತಿದ್ದೇನೆ.

ಈ ಗಿಡ ನಮ್ಮಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನಮ್ಮಜ್ಜಿ ಅದನ್ನು ಗಾಂಜಾ ಅಂತ ಕರೆದದ್ದೇ ಇಲ್ಲ. ಭಂಗಿ ಸೊಪ್ಪು ಅನ್ನುತ್ತಿದ್ದರು. ಕೊಟ್ಟಿಗೆ ಹಿಂದೆ ಒಂದು ಗಿಡ ಇತ್ತು. ದನಕ್ಕೆ ಭೇದಿ ನಿಲ್ಲದಿದ್ದರೆ ನಾಲ್ಕು ಎಲೆ ಅರೆದು, ಬೆಲ್ಲ ಸೇರಿಸಿ, ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದರು. ಮನುಷ್ಯರ ಔಷಧಿಯಲ್ಲೂ ಇದೆ. ಆಯುರ್ವೇದದಲ್ಲಿ ವಿಜಯಾ ಅನ್ನುವುದು ಇದನ್ನೇ. ಹೊಟ್ಟೆಯ ತೊಂದರೆಗೆ ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಇದೇ ಸೊಪ್ಪು ಬೀಳುತ್ತದೆ. ಸರ್ಕಾರದ ಔಷಧ ನಿಯಮಗಳಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿ ಒಂದಿದೆ, ಭಂಗಿಯ ಹೆಸರು ಅದರಲ್ಲಿಯೂ ಇದೆ. ಹಳಬರು ಅದನ್ನು ಔಷಧಿ ಅಂತಲೂ ಕಂಡರು, ವಿಷ ಅಂತಲೂ ಕಂಡರು.

ಬ್ರಿಟಿಷರು 1893ರಲ್ಲಿ ಇದಕ್ಕೆಂದೇ ಒಂದು ಆಯೋಗ ಕೂರಿಸಿದ್ದರು. ಏಳು ಸಂಪುಟಗಳ ವರದಿ ಬಂತು. ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವ ಹಾನಿಯಿಲ್ಲ, ಅತಿ ಬಳಕೆ ಕೆಡಿಸುತ್ತದೆ, ಪೂರ್ತಿ ನಿಷೇಧ ಬೇಡ ಅನ್ನುವುದು ಅವರ ತೀರ್ಮಾನ. ಆಮೇಲೂ ಬಹಳ ಕಾಲ ದೇಶದ ಹಲವು ಕಡೆ ಅಬಕಾರಿ ಲೈಸೆನ್ಸ್ ಇಟ್ಟುಕೊಂಡೇ ಮಾರುತ್ತಿದ್ದರು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ನಿಲ್ಲಿಸಲು ನಮಗೆ ಸಿಕ್ಕಿದ ಗಡುವು 25 ವರ್ಷ. 1985ರ ಕಾಯ್ದೆ ಬಂದದ್ದು ಆ ಗಡುವು ಮುಗಿಯುವ ಹೊತ್ತಿಗೆ.

ಅಜ್ಜಿ ಎಲೆ ಕೊಡುವಾಗ ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ. "ಮಕ್ಕಳಿಗಲ್ಲ, ನಡಿ" ಅಷ್ಟೇ.

ಸಿಲ್ಕ್‌ಬೋರ್ಡ್ ಸಿಗ್ನಲ್
ಬೆಳಿಗ್ಗೆ 8:30

ನೋಡಿದ್ರಾ ಮಾವ! ಮೇಷ್ಟ್ರೇ ಹೇಳಿದರು.

ಕರಿ ಕೋಟು
ಬೆಳಿಗ್ಗೆ 9:10

ಮೇಷ್ಟ್ರು ಹೇಳಿದ್ದರಲ್ಲಿ ಒಂದು ಸೂಕ್ಷ್ಮ ಇದೆ. ಎಲೆ ಬೇರೆ, ಹೂವಿನ ತುದಿ ಬೇರೆ. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಲೈಸೆನ್ಸಿನ ಭಾಂಗ್ ಅಂಗಡಿ ನಡೆಯುವುದು ಇದರ ಮೇಲೆಯೇ. ನಮ್ಮ ಹೈಕೋರ್ಟ್ ಕೂಡ 2022ರಲ್ಲಿ ಭಾಂಗ್ ಸಮೇತ ಸಿಕ್ಕಿದ್ದ ಒಬ್ಬನಿಗೆ ಜಾಮೀನು ಕೊಡುವಾಗ, ಅದು ಎನ್‌ಡಿಪಿಎಸ್ ಅಡಿ ನಿಷೇಧಿತ ಅಂತ ತೋರಿಸುವ ಆಧಾರ ಇಲ್ಲ ಅಂದಿತು. ಆದರೆ ಅದು ಜಾಮೀನಿನ ಆದೇಶ, ಭಾಂಗ್ ಕುಡಿಯಲು ಕೊಟ್ಟ ಪರವಾನಗಿಯಲ್ಲ. ರಾಜ್ಯದ ಅಬಕಾರಿ ಕಾನೂನು ಬೇರೆಯೇ ಇರುತ್ತದೆ. ಇನ್ನು ಗಿಡ ಬೆಳೆಯುವ ವಿಷಯಕ್ಕೆ ಬಂದರೆ ನಾನು ಎಲೆಗೋಸ್ಕರ ಬೆಳೆದೆ ಅನ್ನುವ ವಾದ ನಿಲ್ಲುವುದಿಲ್ಲ. ಬೇಲಿಯವರ ಗಿಡಕ್ಕೆ ಹೂವೂ ಬಂದಾಗಿದೆ.

ತೂಕದ ಲೆಕ್ಕ ಜನರ ತಲೆಯಲ್ಲಿ ಪೂರ್ತಿ ತಪ್ಪಾಗಿ ಕೂತಿದೆ. 1 ಕೆಜಿ ತನಕ ಸಣ್ಣ ಪ್ರಮಾಣ ಅಂತ ಕಾನೂನು ಹೇಳುತ್ತದೆ. ಹುಡುಗರು ಅದನ್ನು 1 ಕೆಜಿ ತನಕ ಪರವಾಗಿಲ್ಲ ಅಂತ ಓದಿಕೊಂಡಿದ್ದಾರೆ. ಸಣ್ಣ ಪ್ರಮಾಣಕ್ಕೂ 1 ವರ್ಷದ ತನಕ ಜೈಲು, 10,000 ರೂಪಾಯಿ ತನಕ ದಂಡ ಇದೆ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಅಲ್ಲಿ ಕನಿಷ್ಠವೇ 10 ವರ್ಷ, ಗರಿಷ್ಠ 20, ಜಾಮೀನು ಸಿಗೋದೇ ಕಷ್ಟ. ಇವೆರಡರ ನಡುವೆ ಸಿಕ್ಕಿದವರಿಗೆ 10 ವರ್ಷದ ತನಕ. ಬರೀ ಸೇದಿದ್ದಕ್ಕೆ 27ನೇ ಸೆಕ್ಷನ್, 6 ತಿಂಗಳ ತನಕ ಅಥವಾ ದಂಡ ಅಥವಾ ಎರಡೂ. ಗಿಡದ ಅಂಟಿನಿಂದ ಮಾಡುವ ಚರಸ್ ಆದರೆ ಲೆಕ್ಕ ಇನ್ನೂ ಬಿಗಿ, 100 ಗ್ರಾಂ ದಾಟಿದರೆ ಸಣ್ಣದಲ್ಲ.

ಶಿಕ್ಷೆ ಆಗುತ್ತೋ ಇಲ್ಲವೋ, ಅದು ಕೊನೆಯ ಮಾತು. ಅದಕ್ಕೂ ಮೊದಲು ಪಾಸ್‌ಪೋರ್ಟ್ ವೆರಿಫಿಕೇಶನ್, ಸರ್ಕಾರಿ ಕೆಲಸದ ವೆರಿಫಿಕೇಶನ್, ಎಲ್ಲದರಲ್ಲೂ ಆ ಕೇಸ್ ನಂಬರ್ ಎದ್ದು ಬರುತ್ತದೆ. ಸೋಗಾನೆ ಜೈಲಿನ ಗೇಟಿನ ಹೊರಗೆ ಊಟದ ಡಬ್ಬಿ ಹಿಡಿದು ನಿಂತ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಅವರ್‍ಯಾರೂ ಕಾನೂನು ಸರಿಯೋ ತಪ್ಪೋ ಅಂತ ಚರ್ಚೆ ಮಾಡಲ್ಲ.

ನಾರಿನ ಲೆಕ್ಕ, ಶಿಕಾರಿಪುರ
ಬೆಳಿಗ್ಗೆ 11:20

ಒಂದು ಬೇರೆ ಪ್ರಶ್ನೆ. ಇದೇ ಜಾತಿಯ ಗಿಡವನ್ನು ಹೆಂಪ್ ಅಂತ ನಾರಿಗೆ ಬೆಳೀತಾರಲ್ಲ, ಉತ್ತರಾಖಂಡದಲ್ಲಿ ಸರ್ಕಾರವೇ ಅನುಮತಿ ಕೊಟ್ಟಿದೆಯಂತೆ. ಮೆಕ್ಕೆಜೋಳದಲ್ಲಿ ಏನೂ ಗಿಟ್ಟೋದಿಲ್ಲ. ನಮಗೂ ಬೆಳೆಯಬಹುದಾ?

ಕರಿ ಕೋಟು
ಬೆಳಿಗ್ಗೆ 11:45

ಉತ್ತರಾಖಂಡ 2018ರಿಂದ ಲೈಸೆನ್ಸ್ ಕೊಡುತ್ತಿರುವುದು ನಿಜ. ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ನಾರು, ಬೀಜಕ್ಕೋಸ್ಕರ ಬೆಳೆಯಲು ಅನುಮತಿ ಕೊಡುವ ದಾರಿ ಇದೆ. ಆದರೆ ಆ ಬೆಳೆಯಲ್ಲಿ ನಶೆ ತರುವ ಟಿಎಚ್‌ಸಿ ಅಂಶ 0.3 ಶೇಕಡಾ ದಾಟಬಾರದು. ನಿಮಗೆ ಯಾರೋ ಜೇಬಿನಿಂದ ತೆಗೆದುಕೊಡುವ ಬೀಜ ಆ ತಳಿಯಲ್ಲ. 2021ರಿಂದ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ ಬಿಟ್ಟಿದೆ. ಅಂಗಡಿಯಲ್ಲಿ ಬೀಜ ಸಿಕ್ಕಿತು ಅಂತ ಹೊಲಕ್ಕೆ ಊರಬೇಡಿ. ಲೈಸೆನ್ಸ್ ಕೈಯಲ್ಲಿಲ್ಲದೆ ಊರಿದರೆ ಮತ್ತೆ ಅದೇ ಸೆಕ್ಷನ್ 20.

ಮಿಡಿ ಉಪ್ಪಿನಕಾಯಿ
ಮಧ್ಯಾಹ್ನ 1:10

ಮೆಕ್ಕೆಜೋಳವೇ ವಾಸಿ ಬಿಡಿ. ಕನಿಷ್ಠ ಮಂಗ ತಿಂದರೆ ನಿಮ್ಮ ಮೇಲೆ ಕೇಸ್ ಹಾಕಲ್ಲ.

ಕೃಷ್ಣೆಯ ಕಡೆಯವ, ಈಗ ಭದ್ರಾವತಿ
ಮಧ್ಯಾಹ್ನ 2:00

ನಮ್ಮ ಯಾದಗಿರಿ ಕಡೆ ಬೇರೆ ನೋಟ ಇದೆ ನೋಡ್ರಿ. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದ ಇದ್ದಂಗ. ಪತ್ರಿಕೆಗಳಲ್ಲೂ ಬಂದದ. ನಮ್ಮ ಕಾಕಾ ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಚಿಲುಮೆ ಎಳೆದು ಬರ್ತಿದ್ದರು, ಉಳಿದ 364 ದಿನ ಅದರ ಸುದ್ದಿನೂ ಇಲ್ಲ. ಈಗಿನ ಹುಡುಗರದು ಹಂಗಲ್ಲ. ರೂಮಿನ ಬಾಗಿಲು ಹಾಕ್ಕೊಂಡು ದಿನಾ ಸೇದೋದು. ಅದಕ್ಕೆ ದೇವರ ಹೆಸರು ಹೇಳಬಾರದು.

ಕರಿ ಕೋಟು
ಮಧ್ಯಾಹ್ನ 2:20

ದೇವರಿಗೆ ಅಂತ ವಿನಾಯಿತಿ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇಷ್ಟು ಹೇಳಿ ಕೋರ್ಟಿಗೆ ಹೊರಟೆ.

ತಮ್ಮನ ಅಕ್ಕ
ಸೋಮವಾರ ರಾತ್ರಿ 9:30

ಊರು ಹಾಕಿಲ್ಲ, ಕ್ಷಮಿಸಿ. ಎರಡು ದಿನದಿಂದ ಓದುತ್ತಾ ಇದ್ದೇನೆ. ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿ ಮಾಡಿ ಈಗ ಬರೆಯುತ್ತಿದ್ದೇನೆ.

ನನ್ನ ತಮ್ಮ ಪಿಯುಸಿಗೆ ಹಾಸ್ಟೆಲ್ ಸೇರಿದಾಗ ಹದಿನೇಳು ವರ್ಷ. ಓದಿನಲ್ಲಿ ಚುರುಕು. ಎರಡನೇ ವರ್ಷ ರಜೆಗೆ ಬಂದಾಗ ಮಾತು ಕಡಿಮೆಯಾಗಿತ್ತು. ಪರೀಕ್ಷೆಯ ಟೆನ್ಶನ್ ಅಂದುಕೊಂಡೆವು. ಒಂದು ದಿನ ನೋಡಿದರೆ ಟಿವಿಯ ಸೆಟ್‌ಟಾಪ್ ಬಾಕ್ಸಿನ ಕೆಂಪು ದೀಪದ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದ. ಯಾಕೋ ಅಂದರೆ "ಅದು ನೋಡ್ತಾ ಇದೆ" ಅಂದ. ನಾನು ನಕ್ಕೆ. ಇವತ್ತಿಗೂ ಆ ನಗು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆಮೇಲೆ ಫೋನಿನ ಕ್ಯಾಮೆರಾಕ್ಕೆ ಪಟ್ಟಿ. ಆಮೇಲೆ ಅಮ್ಮ ಬಡಿಸಿದ ಅನ್ನವನ್ನು ಮೊದಲು ನಾಯಿಗೆ ಹಾಕಿ ನೋಡುವುದು.

ಅವನ ಬ್ಯಾಗಿನ ಜಾಮಿಟ್ರಿ ಬಾಕ್ಸಿನಲ್ಲಿ ಸೊಪ್ಪಿನ ಪುಡಿ ಸಿಕ್ಕಿತು. ಅಪ್ಪನಿಗೆ ಅದು ಏನೆಂದೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಆಸ್ಪತ್ರೆಗೆ ಹೋಗಲಿಲ್ಲ. ನಾಳೆ ಪೊಲೀಸರಿಗೆ ಗೊತ್ತಾದರೆ, ನನಗೆ ಗಂಡು ನೋಡುವಾಗ ಊರಿಗೆ ಗೊತ್ತಾದರೆ ಅಂತ. ಯಾರೋ ಮಾಟ ಅಂದರು. ನಾಲ್ಕು ತಿಂಗಳು ನಿಂಬೆಹಣ್ಣು, ತಾಯತ, ದರ್ಶನದ ಪಾತ್ರಿಗಳು ಅಂತ ಸುತ್ತಿದೆವು. ಒಂದು ರಾತ್ರಿ ಮಳೆಯಲ್ಲಿ ಓಡಿಹೋಗಿ ಹಳ್ಳದ ಸಂಕದ ಮೇಲೆ ಕೂತಿದ್ದ. ಅವತ್ತು ಬೆಳಗಿನ ಜಾವ ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋದೆವು.

ಈಗ ಮಾತ್ರೆ ತೆಗೆದುಕೊಳ್ಳುತ್ತಾನೆ, ತೋಟದ ಕೆಲಸ ಮಾಡುತ್ತಾನೆ, ನಗುತ್ತಾನೆ. ಓದು ನಿಂತಿತು. ಗಾಂಜಾದಿಂದಲೇ ಆಯಿತಾ ಅಂತ ನನಗೆ ಇನ್ನೂ ಗೊತ್ತಿಲ್ಲ. ಸಿಲ್ಕ್‌ಬೋರ್ಡ್ ಅಣ್ಣ, ನಿಮ್ಮ ಮೇಲೆ ಸಿಟ್ಟಿಲ್ಲ. ಔಷಧಿ ಗಿಡ ಅಂತ ಅವನಿಗೂ ಯಾರೋ ಹೇಳಿದ್ದರು, ಅಷ್ಟೇ.

ನೈಟ್ ಡ್ಯೂಟಿ
ಸೋಮವಾರ ರಾತ್ರಿ 11:50

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ನಾನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುವವನು. ಎಲ್ಲಿ ಅಂತ ಬೇಡ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳುವುದು ಕಷ್ಟ. ಗಾಂಜಾ ಸೇದಿದ ಹೆಚ್ಚಿನವರಿಗೆ ಹೀಗಾಗುವುದಿಲ್ಲ. ಆದರೆ ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಿಗೆ, ದಿನಾ ಸೇದುವವರಿಗೆ, ಟಿಎಚ್‌ಸಿ ಜಾಸ್ತಿ ಇರುವ ಮಾಲು ಬಳಸುವವರಿಗೆ, ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದವರಿಗೆ ಅಪಾಯ ನಿಚ್ಚಳವಾಗಿ ಏರುತ್ತದೆ. ಮಿದುಳು ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿನ ತನಕ ನಡೆಯುತ್ತಲೇ ಇರುತ್ತದೆ. ಆ ಕೆಲಸ ಮುಗಿಯುವ ಮೊದಲೇ ಹೊರಗಿನಿಂದ ಟಿಎಚ್‌ಸಿ ಸುರಿದರೆ ನೆನಪು, ಗಮನ, ಕಲಿಕೆ ಎಲ್ಲಕ್ಕೂ ಪೆಟ್ಟು. ಮೇಷ್ಟ್ರ ಅಜ್ಜಿ "ಮಕ್ಕಳಿಗಲ್ಲ" ಅಂದರಲ್ಲ, ನಾನು ಎಂಟು ವರ್ಷ ಓದಿ ಹೇಳುವುದೂ ಅದನ್ನೇ.

ಚಟ ಹತ್ತಲ್ಲ ಅನ್ನುವುದು ಸುಳ್ಳು. ಬಳಸಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹತ್ತುತ್ತದೆ. ಹದಿಹರೆಯದಲ್ಲಿ ಶುರು ಮಾಡಿದರೆ ಆರರಲ್ಲಿ ಒಬ್ಬರಿಗೆ.

ಇನ್ನೊಂದು ವಿಚಿತ್ರ ಹೇಳ್ತೇನೆ, ಇದನ್ನು ಮಲೆನಾಡಿನವರೇ ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು. ಒಬ್ಬ ಹುಡುಗ ವಾಂತಿ, ವಾಂತಿ ಅಂತ ಮೂರು ಸಲ ಅಡ್ಮಿಟ್ ಆಗಿದ್ದ. ಸ್ಕ್ಯಾನ್, ಎಂಡೋಸ್ಕೋಪಿ, ಎಲ್ಲ ನಾರ್ಮಲ್. ಅವನ ಅಮ್ಮ ಸುಮ್ನೆ ದೂರು ಹೇಳುವ ಹಾಗೆ ಹೇಳಿದರು, "ಡಾಕ್ಟ್ರೇ, ದಿನಾ ಎರಡು ಹಂಡೆ ನೀರು ಖಾಲಿ ಮಾಡ್ತಾನೆ. ಬಚ್ಚಲಿಂದ ಹೊರಗೇ ಬರಲ್ಲ, ಒಲೆಗೆ ಸೌದೆ ತುಂಬಿ ಸಾಕಾಯ್ತು". ಅಲ್ಲಿಗೆ ಗೊತ್ತಾಯಿತು. ವರ್ಷಗಟ್ಟಲೆ ದಿನಾ ಸೇದುವ ಕೆಲವರಿಗೆ ಹೀಗೆ ವಾಂತಿ ಶುರುವಾಗುತ್ತದೆ, ಬಿಸಿನೀರು ಸುರಿದುಕೊಂಡಾಗ ಮಾತ್ರ ಸ್ವಲ್ಪ ಆರಾಮ. ಸೇದುವುದು ಬಿಟ್ಟ, ವಾಂತಿಯೂ ನಿಂತಿತು.

ಹಾಗಂತ ಔಷಧಿ ಅನ್ನುವುದು ಪೂರ್ತಿ ಬುರುಡೆ ಅಲ್ಲ. ಮಕ್ಕಳಲ್ಲಿ ಬರುವ ಕೆಲವು ಹಠಮಾರಿ ಮೂರ್ಛೆ ರೋಗಗಳಿಗೆ ಇದೇ ಗಿಡದ ಇನ್ನೊಂದು ಅಂಶ ಸಿಬಿಡಿಯನ್ನು ಶುದ್ಧ ಮಾಡಿದ ಔಷಧಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಸಿಬಿಡಿ ನಶೆ ತರುವುದಿಲ್ಲ. ಕ್ಯಾನ್ಸರ್ ಕಿಮೊದ ವಾಂತಿಗೆ ಟಿಎಚ್‌ಸಿಯ ಗುಳಿಗೆ 1985ರಿಂದಲೇ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗದಲ್ಲಿ ಸ್ನಾಯು ಬಿಗಿಯುವುದಕ್ಕೂ ಕೆಲವು ದೇಶಗಳಲ್ಲಿ ಕೊಡುತ್ತಾರೆ. ಅವೆಲ್ಲ ಮಿಲಿಗ್ರಾಂ ಲೆಕ್ಕದಲ್ಲಿ, ಯಾರಿಗೆ, ಎಷ್ಟು ದಿನ ಅಂತ ನೋಡಿ ಕೊಡುವಂಥವು. ಬಸ್‌ಸ್ಟ್ಯಾಂಡ್ ಹಿಂದೆ ಸಿಗುವ ಪೊಟ್ಟಣದಲ್ಲಿ ಎಷ್ಟು ಟಿಎಚ್‌ಸಿ ಇದೆ ಅಂತ ಮಾರುವವನಿಗೂ ಗೊತ್ತಿಲ್ಲ.

ಸಿಲ್ಕ್‌ಬೋರ್ಡ್ ಸಿಗ್ನಲ್
ಮಂಗಳವಾರ ಬೆಳಿಗ್ಗೆ 8:05

ಅಕ್ಕ, ನಿಮ್ಮದು ಓದಿ ರಾತ್ರಿ ಏನೂ ಬರೆಯಲಾಗಲಿಲ್ಲ. ಕ್ಷಮಿಸಿ.

ಡಾಕ್ಟ್ರೇ, ಒಂದು ಮಾತು ಮಾತ್ರ ಕೇಳ್ತೇನೆ. ಹೆಂಡಕ್ಕಿಂತ ಇದು ಕೆಟ್ಟದ್ದಾ? ಪ್ರಾಮಾಣಿಕವಾಗಿ ಹೇಳಿ.

ನೈಟ್ ಡ್ಯೂಟಿ
ಮಂಗಳವಾರ ಮಧ್ಯಾಹ್ನ 3:30

ಪ್ರಾಮಾಣಿಕವಾಗಿಯೇ ಹೇಳ್ತೇನೆ. ನನ್ನ ವಾರ್ಡಿನಲ್ಲಿ ಹೆಂಡದಿಂದ ಬಂದವರೇ ಜಾಸ್ತಿ. ಲಿವರ್ ಕೆಡುವುದು, ಮನೆಯವರಿಗೆ ಹೊಡೆಯುವುದು, ಬಿಟ್ಟ ತಕ್ಷಣ ಫಿಟ್ಸ್ ಬರುವುದು, ಇವೆಲ್ಲ ಹೆಂಡದ್ದೇ ಕೆಲಸ. 2019ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ದೇಶದ 10ರಿಂದ 75 ವರ್ಷದವರಲ್ಲಿ ಮದ್ಯ ಕುಡಿಯುವವರು ನೂರಕ್ಕೆ 14.6. ಭಾಂಗ್, ಗಾಂಜಾ, ಚರಸ್ ಎಲ್ಲ ಸೇರಿ ಹಿಂದಿನ ಒಂದು ವರ್ಷದಲ್ಲಿ ಬಳಸಿದವರು 2.8, ಅಂದರೆ ಸುಮಾರು 3.1 ಕೋಟಿ ಜನ. ಅದರಲ್ಲಿ 72 ಲಕ್ಷದಷ್ಟು ಜನಕ್ಕೆ ಚಿಕಿತ್ಸೆಯ ನೆರವು ಬೇಕಿತ್ತು.

ಆದರೆ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನಾಗರಹಾವಿಗಿಂತ ಕೊಳಕುಮಂಡಲ ವಾಸಿಯಾ ಅಂತ ಕೇಳಿದ ಹಾಗೆ. ಹದಿನೇಳರ ಹುಡುಗನಿಗೆ ಎರಡೂ ಬೇಡ. ಸೇದಿ ಆಗುಂಬೆ ಘಾಟಿಯಲ್ಲಿ ಬೈಕ್ ಓಡಿಸುವ ಮೂವತ್ತರವನಿಗೂ ಬೇಡ. ಮಂಜಿನಲ್ಲಿ ಆ ತಿರುವುಗಳನ್ನು ಅಂದಾಜು ಮಾಡುವ ಮಿದುಳೇ ಆಗ ನಿಧಾನ ಆಗಿರುತ್ತದೆ. ಬಸುರಿಯರಿಗಂತೂ ಯಾವ ರೂಪದಲ್ಲೂ ಬೇಡ, ಮಗುವಿನ ತೂಕ ಕಡಿಮೆಯಾಗುತ್ತದೆ.

ಹೆಸರು ಬೇಡ
ಮಂಗಳವಾರ ರಾತ್ರಿ 11:20

ಈ ಚರ್ಚೆ ನೋಡಿ ಹೊಸ ಖಾತೆ ಮಾಡಿ ಬರೆಯುತ್ತಿದ್ದೇನೆ. ಎರಡು ವರ್ಷದಿಂದ ದಿನಾ ರಾತ್ರಿ ಒಂದು. ಮೊದಲು ಮಜಾಕ್ಕೆ, ಈಗ ಅದಿಲ್ಲದಿದ್ದರೆ ನಿದ್ದೆ ಬರಲ್ಲ. ನಾಲ್ಕು ದಿನದಿಂದ ಬಿಟ್ಟಿದ್ದೇನೆ. ಮೈಯೆಲ್ಲ ಬೆವರು, ಊಟ ಸೇರಲ್ಲ, ಸಣ್ಣ ವಿಷಯಕ್ಕೂ ಸಿಟ್ಟು, ಕಣ್ಣು ಮುಚ್ಚಿದರೆ ಕೆಟ್ಟ ಕನಸು. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳ್ತಾರಾ?

ನೈಟ್ ಡ್ಯೂಟಿ
ಮಂಗಳವಾರ ರಾತ್ರಿ 11:35

ಇಲ್ಲ. ನಾವು ಚಿಕಿತ್ಸೆ ಕೊಡುವವರು, ಹಿಡಿದುಕೊಡುವವರಲ್ಲ.

ನಾಲ್ಕು ದಿನ ಕಳೆದಿದ್ದೀರಿ, ಅದು ಸಣ್ಣ ವಿಷಯ ಅಲ್ಲ. ನೀವು ಹೇಳಿದ್ದೆಲ್ಲ ಬಿಟ್ಟಾಗ ಬರುವಂಥದ್ದೇ. ಮೊದಲ ವಾರ ಜೋರು, ಎರಡು ವಾರದ ಹೊತ್ತಿಗೆ ಹೆಚ್ಚಿನದು ಇಳಿಯುತ್ತದೆ. ನಿದ್ದೆ ಮಾತ್ರ ಸ್ವಲ್ಪ ಹಠ ಮಾಡುತ್ತದೆ. ನಿದ್ದೆ ಬರಲಿ ಅಂತ ಹೆಂಡಕ್ಕೆ ಕೈ ಹಾಕಬೇಡಿ. ಮೆಡಿಕಲ್ ಶಾಪಲ್ಲಿ ಕೇಳಿ ಮಾತ್ರೆ ನುಂಗಬೇಡಿ.

ಈಗಲೇ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ. ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಇರ್ತಾರೆ. ಚಟ ಬಿಡಿಸುವುದಕ್ಕೇ ಇರುವ ನಂಬರ್ 14446. ಶಿವಮೊಗ್ಗದ ಹತ್ತಿರ ಇದ್ದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ಒಪಿಡಿಗೆ ಬನ್ನಿ. ಬೆಂಗಳೂರಲ್ಲಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ.

ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಏನೋ ಕೇಳಿಸುತ್ತಿದೆ, ಯಾರೋ ಹಿಂಬಾಲಿಸುತ್ತಿದ್ದಾರೆ ಅಂತ ಅನಿಸಿದರೆ ಬೆಳಗಾಗುವ ತನಕವೂ ಕಾಯಬೇಡಿ.

ಕರಿ ಕೋಟು
ಬುಧವಾರ ಬೆಳಿಗ್ಗೆ 7:30

ಹೆಸರು ಬೇಡ ಅವರಿಗೆ ಒಂದು ಸೇರಿಸುತ್ತೇನೆ. ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇದಿದ್ದಕ್ಕೋ ಸಣ್ಣ ಪ್ರಮಾಣಕ್ಕೋ ಕೇಸಾದ ವ್ಯಸನಿ ತಾನಾಗಿ ಸರ್ಕಾರದ ಅಥವಾ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ನಡೆಸುವ ಹಾಗಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನನ್ನ ಕೇಳಿದರೆ, 10 ವರ್ಷ 20 ವರ್ಷ ಅಂತ ಬೋರ್ಡ್ ಹಾಕುವ ಜಾಗದಲ್ಲೆಲ್ಲ ಈ ಒಂದು ಸಾಲನ್ನೂ ಹಾಕಬೇಕಿತ್ತು. ಆಗ ಅಕ್ಕನ ಮನೆಯವರು ನಾಲ್ಕು ತಿಂಗಳು ನಿಂಬೆಹಣ್ಣು ಹಿಡಿದು ಸುತ್ತುತ್ತಿರಲಿಲ್ಲ.

ಮಿಡಿ ಉಪ್ಪಿನಕಾಯಿ
ಬುಧವಾರ ಬೆಳಿಗ್ಗೆ 10:15

ಓದಿದವರಿಗೆ ಬುದ್ಧಿ ಇರುತ್ತದೆ ಅನ್ನುವ ಹಾಗೂ ಇಲ್ಲ ಬಿಡಿ. 2023ರಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಮನೆಯೊಳಗೆ ಲೈಟು, ಫ್ಯಾನು ಹಾಕಿ ಗಿಡ ಬೆಳೆಸಿ ಸಿಕ್ಕಿಬಿದ್ದವರು ಮೆಡಿಕಲ್ ಓದುವ ಹುಡುಗರು. ನಮ್ಮನೆ ಬಾಡಿಗೆಗೆ ಹುಡುಗರು ಕೇಳಿಕೊಂಡು ಬಂದರೆ ಅತ್ತೆ ಈಗಲೂ ಮೊದಲು ಕೇಳುವುದು, "ಕರೆಂಟ್ ಬಿಲ್ ಎಷ್ಟು ಬರ್ತದೆ?"

ಬೇಲಿಯವರೇ, ಎಲ್ಲಿ ಹೋದಿರಿ? ಒಳಗೆ ಹಾಕಿದ್ದಾರಾ ಎಂತ?

ತೋಟದ ಬೇಲಿ
ಬುಧವಾರ ರಾತ್ರಿ 9:00

ಇದ್ದೇನೆ ಮಾರಾಯ್ರೆ, ಮನೆಯಲ್ಲೇ ಇದ್ದೇನೆ.

ಸೋಮವಾರ ಬೆಳಿಗ್ಗೆಯೇ ಅರ್ಜಿ ಬರೆದು ಕೊಟ್ಟೆ. ಒಳ್ಳೆ ಕೆಲಸ ಮಾಡಿದಿರಿ ಅಂತಾರೆ ಅಂದುಕೊಂಡಿದ್ದೆ. ಅಲ್ಲಿದ್ದವರು ಮೊದಲು ಕೇಳಿದ್ದು, "ಮೂರೇ ಗಿಡ ಅಂತ ನಿಮಗೆ ಹೇಗೆ ಗೊತ್ತು?" ಸಂಜೆ ತನಕ ಬೆಂಚಿನ ಮೇಲೆ ಕೂರಿಸಿದರು. ಪಹಣಿ ತನ್ನಿ ಅಂದರು, ಆಧಾರ್ ತನ್ನಿ ಅಂದರು. ಎರಡನೇ ಪ್ರತಿಗೆ ಸೀಲು ಹಾಕಲು ಮನಸ್ಸೇ ಇರಲಿಲ್ಲ. ವಕೀಲರು ಹೇಳಿದ್ದಾರೆ ಅಂದ ಮೇಲೆ ಹಾಕಿದರು. ಮಂಗಳವಾರ ಬಂದು ಪಂಚನಾಮೆ ಮಾಡಿದರು. ಬುಡಸಮೇತ ಕಿತ್ತು, ಬೇರಿನ ಮಣ್ಣು ಕೊಡವಿ, ತೂಕದ ಕೊಕ್ಕೆಗೆ ನೇತುಹಾಕಿದರು. ಮೂರೂ ಸೇರಿ ನಾಲ್ಕು ಕೆಜಿ ಚಿಲ್ಲರೆ. ಹುಡುಕಿದಾಗ ಮಡಿಯ ಆ ತುದಿಯಲ್ಲಿ ಇನ್ನೂ ಎರಡು ಸಣ್ಣವು ಸಿಕ್ಕಿದವು. ನನಗೆ ನಿಜಕ್ಕೂ ಕಂಡಿರಲಿಲ್ಲ. ಕಿತ್ತು ಹೊಳೆಗೆ ಹಾಕಿದ್ದರೆ ಆ ಎರಡು ಅಲ್ಲೇ ಉಳಿಯುತ್ತಿದ್ದವು ಅಂತ ನೆನೆದರೆ ಈಗಲೂ ಕೈ ನಡುಗುತ್ತದೆ.

ಗೇಣಿಯವರು ನಮಗೆ ಗೊತ್ತೇ ಇಲ್ಲ, ಕೆಲಸದವರು ಮಾಡಿರಬೇಕು ಅಂತಾರೆ. ಕೆಲಸದ ಹುಡುಗ ಒಬ್ಬ ಭಾನುವಾರದಿಂದಲೇ ಇಲ್ಲ. ತನಿಖೆ ನಡೀತಿದೆ. ಪಕ್ಕದ ಮನೆ ಅಣ್ಣ ಮಾತು ಬಿಟ್ಟಿದ್ದಾನೆ, ಊರಿಗೆ ಪೊಲೀಸರನ್ನು ಕರೆಸಿದೆ ಅಂತ. ಮುಂದಿನ ವರ್ಷದಿಂದ ಛಾಪಾ ಕಾಗದದ ಮೇಲೆ ಕರಾರು ಇಲ್ಲದೆ ಒಂದು ಗುಂಟೆಯನ್ನೂ ಕೊಡಲ್ಲ.

ಅಕ್ಕನ ಮಗ ಶನಿವಾರ ಬರ್ತೇನೆ ಅಂದಿದ್ದಾನೆ. ಬಂದರೆ ಹಂಡೆಗೆ ಬೆಂಕಿ ಹಾಕಿಸಿ ಇಡ್ತೇನೆ, ಎರಡು ದಿನ ಇದ್ದು ಹೋಗಲಿ. ತೋಟದಲ್ಲಿ ಕೆಲಸ ಬೇಕಾದಷ್ಟಿದೆ.

ಸಿಲ್ಕ್‌ಬೋರ್ಡ್ ಸಿಗ್ನಲ್
ಬುಧವಾರ ರಾತ್ರಿ 9:20

ಎರಡು ದಿನ ಅಲ್ಲ ಮಾವ, ಎರಡು ವಾರ ರಜೆ ಹಾಕಿದ್ದೇನೆ. ಅಮ್ಮನಿಗೆ ಈಗಲೇ ಹೇಳಬೇಡಿ.

ತೋಟದ ಬೇಲಿ
ಬುಧವಾರ ರಾತ್ರಿ 9:22

ಬಾ. ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಶಿವಮೊಗ್ಗಕ್ಕೆ ನಾನೇ ಬರ್ತೇನೆ. ಹಾಗೇ ಮೆಗ್ಗಾನ್ ಕಡೆ ಹೋಗಿ ಬರೋಣ, ನನಗೂ ಬಿಪಿ ತೋರಿಸೋದಿದೆ.

ಮಿಡಿ ಉಪ್ಪಿನಕಾಯಿ
ಬುಧವಾರ ರಾತ್ರಿ 9:40

ಬೇಲಿಯವರೇ, ನಿಮ್ಮ ಕಡೆ ಅಡಿಕೆ ಕೊಯ್ಯುವ ಕೊನೆಗಾರರು ಯಾರಾದ್ರೂ ಬಿಡುವಾಗಿದ್ದಾರಾ? ನಮ್ಮವರು ಈ ಸಲವೂ ಕೈ ಕೊಟ್ಟರು.